ಹೋರಿಗೆ ಬೇಸ್ ರೂಢಿ ಮಾಡಿಸಿದ ವೀರೇಶ

ವ್ಯಾನಿನ ಹಿಂಬಾಗಿಲು ಎತ್ತಿ, ಹಾಡು ಹಚ್ಚಿ, ತಾನು ಕೇಳುವುದು ಬಿಟ್ಟು ಹೋರಿಯ ಮುಖವನ್ನೇ ನೋಡುತ್ತ ಕೂರುವವನನ್ನು ಊರವರು ಏನೆನ್ನಬೇಕು ಹೇಳಿ? ಹುಚ್ಚ ಅಂದರು. ತೊಗರ್ಸಿ ಕಡೆಯ ಆ ಸಣ್ಣ ಊರಿನಲ್ಲಿ ದೊಡ್ಡಬೀರಪ್ಪನ ಮಗ ವೀರೇಶನಿಗೆ ಆ ವರ್ಷ ಆ ಹೆಸರು ಗಟ್ಟಿಯಾಗಿ ಅಂಟಿತು. ಮುಖದ ಮೇಲೇ ಅಂದವರೂ ಇದ್ದರು. ಅವನು ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಜಗಳವಾಡುವಷ್ಟು ಪುರುಸೊತ್ತು ಅವನಿಗೆಲ್ಲಿತ್ತು? ದೀಪಾವಳಿ ಹತ್ತಿರ ಬರುತ್ತಿತ್ತು.

ವೀರೇಶನಿಗೆ ಹಾಡಿನ ಖಯಾಲಿ ಇದ್ದದ್ದೇ ಇಲ್ಲ. ಮನೆಯಲ್ಲಿ ಕುರಿ, ಹೊಲದಲ್ಲಿ ಗೋವಿನಜೋಳ, ಓಡಾಟಕ್ಕೆ ಯಾರೋ ಬಳಸಿ ಬಿಟ್ಟ ಒಂದು ಓಮ್ನಿ. ಆ ವ್ಯಾನಿನಲ್ಲಿ ಕುರಿಮರಿ ಸಾಗಿಸಿದ್ದ, ಗೊಬ್ಬರದ ಚೀಲ ಹೇರಿದ್ದ, ಮದುವೆಯಾದ ಹೊಸತರಲ್ಲಿ ಹೆಂಡತಿ ನಾಗಶ್ರೀಯನ್ನು ಚಂದ್ರಗುತ್ತಿ ಗುಡ್ಡಕ್ಕೂ ಕರೆದುಕೊಂಡು ಹೋಗಿದ್ದ. ಅದರೊಳಗಿನ ಸ್ಪೀಕರು ಹಾಡುತ್ತದೋ ಇಲ್ಲವೋ ಎಂದು ಒಂದು ದಿನವೂ ವಿಚಾರಿಸಿದವನಲ್ಲ. ಅಂಥವನು ಎದೆ ನಡುಗಿಸುವ ದಪ್ಪ ಸದ್ದಿನ ಹಿಂದೆ ಬಿದ್ದು ಬೇಸು, ಬೇಸು ಎಂದು ಬಡಬಡಿಸಲು ಶುರು ಮಾಡಿದ್ದು ಚೆಲುವನ ಸಲುವಾಗಿ.

ಚೆಲುವ ಎಂದರೆ ಹೋರಿ. ಹುಟ್ಟಿದ ವಾರದಲ್ಲೇ ತಾಯಿಯನ್ನು ಕಳೆದುಕೊಂಡ ಕರು. ವೀರೇಶನ ತಾಯಿ ನಿಂಗಮ್ಮ ಕುರಿಯ ಹಾಲು ಕರೆದು, ಬಾಟಲಿಗೆ ತುಂಬಿ, ತೊಡೆಯ ಮೇಲೆ ಅದರ ತಲೆ ಇಟ್ಟುಕೊಂಡು ಕುಡಿಸಿ ಬದುಕಿಸಿದಳು. ಮಿಕ್ಕದ್ದೆಲ್ಲ ವೀರೇಶ ಮಾಡಿದ. ಮೈ ತಿಕ್ಕಿದ, ಕೆರೆಯಲ್ಲಿ ಈಜಿಸಿದ, ಹುರುಳಿ ಬೇಯಿಸಿ ತಿನ್ನಿಸಿದ. ಅದು ಬೆಳೆದು ನಿಂತದ್ದನ್ನು ನೋಡಬೇಕಿತ್ತು! ವೀರೇಶ ಹಿತ್ತಲಿಗೆ ಹೋದರೆ ಹಿತ್ತಲಿಗೆ, ಹೊಲಕ್ಕೆ ಹೋದರೆ ಹೊಲಕ್ಕೆ, ಹಗ್ಗವಿಲ್ಲದೆ ಹಿಂದೆ ಬರುತ್ತಿತ್ತು. "ನನ್ನ ಜೊತೆ ಆಡಿದ ಮಾತಿಗಿಂತ ಅದರ ಜೊತೆ ಆಡಿದ ಮಾತೇ ಜಾಸ್ತಿ ಆತು ನಿಮ್ದು" ಎಂದು ನಾಗಶ್ರೀ ಕಾಡಿಸುತ್ತಿದ್ದಳು.

ಒಂದೇ ಕೊರತೆ. ಚೆಲುವನಿಗೆ ಸದ್ದೆಂದರೆ ಪ್ರಾಣಭಯ. ಸೈಕಲ್ ಬೆಲ್ಲಿಗೂ ಬೆಚ್ಚುವ ಜೀವ ಅದು. ಈ ಸೀಮೆಯಲ್ಲಿ ಹೋರಿಯಾಗಿ ಹುಟ್ಟಿ ಸದ್ದಿಗೆ ಹೆದರಿದರೆ ನಡೆಯುತ್ತದೆಯೇ? ದೀಪಾವಳಿ ಮುಗಿಯುತ್ತಿದ್ದಂತೆ ಇಲ್ಲಿ ಊರೂರಿಗೆ ಹೋರಿ ಹಬ್ಬ. ಕೊರಳಿಗೆ ಒಣಕೊಬ್ಬರಿಯ ಹಾರ, ಕೊಂಬಿಗೆ ಬಲೂನು, ಮೈಮೇಲೆ ಜೂಲ; ಎರಡೂ ಬದಿ ಕಿಕ್ಕಿರಿದ ಜನರ ನಡುವೆ ಹೋರಿಯನ್ನು ಬಿಡುತ್ತಾರೆ. ಯಾರ ಕೈಗೂ ಸಿಗದೆ ಓಡಿತೋ, ಹೋರಿ ಗೆದ್ದಿತು. ಕೊಬ್ಬರಿ ಕಿತ್ತರೋ, ಕಿತ್ತವನು ಗೆದ್ದ. ಪ್ರತಿ ಹೋರಿಗೂ ಒಂದು ಬಿರುದು, ಒಂದು ಬ್ಯಾನರು, ಒಂದು ಹುಡುಗರ ಪಡೆ. ಈಗೀಗ ಆ ಪಡೆಗೊಂದು ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಮೇಲೆ ಗೋಡೆಯೆತ್ತರದ ಡಿಜೆ. ಅದು ಧಂ ಎಂದರೆ ಪಕ್ಕದಲ್ಲಿ ನಿಂತವನ ಅಂಗಿಯೇ ಅಲ್ಲಾಡುತ್ತದೆ.

ಹೋದ ಹಬ್ಬದಲ್ಲಿ ಹುಡುಗರು ಚೆಲುವನಿಗೆ "ತೊಗರ್ಸಿ ತೂಫಾನ್" ಎಂದು ಬಿರುದು ಕೊಟ್ಟು, ಅಂಗಿಯ ಮೇಲೆಲ್ಲ ಅಚ್ಚು ಹಾಕಿಸಿಕೊಂಡು ಹೋಗಿದ್ದರು. ಡಿಜೆ ಧಂ ಅಂದದ್ದೇ ತಡ, ತೂಫಾನು ದಾರಿ ಬಿಟ್ಟು, ಬೇಲಿ ಹಾರಿ, ಯಾರದ್ದೋ ಜೋಳದೊಳಗೆ ನುಗ್ಗಿ ನಾಪತ್ತೆಯಾಯಿತು. ಅದು ನಗೆಪಾಟಲು, ಹೋಗಲಿ. ಆಮೇಲೆ ಆದದ್ದು ನಗುವಂಥದ್ದಲ್ಲ. ನಿಂಗಮ್ಮ ಅದನ್ನು ನೀರಿಗೆ ಹೊಡೆದುಕೊಂಡು ಹೋಗುವಾಗ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದಳು. ರಸ್ತೆಯಲ್ಲಿ ಒಂದು ಮದುವೆ ದಿಬ್ಬಣದ ಡಿಜೆ ಬಂತು. ಚೆಲುವ ಕಿತ್ತುಕೊಂಡು ಓಡಿತು. ಹಗ್ಗ ಬಿಚ್ಚಿಕೊಳ್ಳಲಿಲ್ಲ. ಕೆರೆ ಏರಿಯ ತನಕ ಅದು ಆಕೆಯನ್ನು ದರದರ ಎಳೆದುಕೊಂಡೇ ಹೋಯಿತು.

ನಿಂಗಮ್ಮ ಬದುಕಿದಳು, ಆದರೆ ಮುಂಗೈ ಮೂಳೆ ಸೊಟ್ಟ ಕೂಡಿತು. ಬಲಗೈಯಲ್ಲಿ ಚೊಂಬು ಎತ್ತುವುದೂ ಕಷ್ಟವಾಯಿತು. ಅವತ್ತಿನಿಂದ, ಜನ್ಮದಲ್ಲಿ ಅಡುಗೆಮನೆಯ ಹೊಸ್ತಿಲು ದಾಟದ ದೊಡ್ಡಬೀರಪ್ಪ ತಾನೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದ. ಸೊಸೆ ಇದ್ದಳು, ಬೇಡ ಮಾವ ಎಂದು ಬೇಡಿಕೊಂಡಳು. ಕೇಳಲಿಲ್ಲ. ಹೆಂಡತಿ ಮಾಡುತ್ತಿದ್ದ ಆ ಒಂದು ಕೆಲಸವನ್ನು ತಾನೇ ಮಾಡಬೇಕು ಅಂತ ಅವನಿಗೆ ಅನ್ನಿಸಿತ್ತು, ಮಾಡಿದ.

ಹಾಗೆ ರೊಟ್ಟಿ ಬಡಿಯುತ್ತಲೇ ಒಂದು ದಿನ ಮಗನಿಗೆ ಹೇಳಿದ: "ನೋಡಪಾ, ಬರೋ ಹಬ್ಬದಾಗೆ ಅದು ಸೀದಾ ಓಡಿ, ಯಾರಿಗೂ ಏನೂ ಮಾಡದಂಗೆ ಮನೀಗೆ ಬಂದ್ರೆ ಇರ್ಲಿ. ಇಲ್ಲಾಂದ್ರೆ ಮೊದ್ಲು ಯಾರು ಕೇಳ್ತಾರೋ ಅವರ ಕೈಗೆ ಹಗ್ಗ ಕೊಟ್ಬಿಡ್ತೀನಿ. ರೊಕ್ಕ ಎಷ್ಟು ಅಂತನೂ ಕೇಳಾಂಗಿಲ್ಲ ನಾನು."

ಅಪ್ಪ ಆಡಿದ ಮಾತನ್ನು ವಾಪಸು ತೆಗೆದುಕೊಂಡದ್ದನ್ನು ವೀರೇಶ ನೋಡಿಯೇ ಇರಲಿಲ್ಲ. ಆಗ ಅವನಿಗಿದ್ದ ಸಮಾಧಾನ ಒಂದೇ: ಚೆಲುವನನ್ನು ಕೇಳುವವರೇ ಇರಲಿಲ್ಲ. ಶಿಕಾರಿಪುರದ ಸಂತೆಯ ದಲ್ಲಾಳಿಗಳಿಗೆಲ್ಲ ಅದರ ಸಂಗತಿ ಗೊತ್ತು. ಹೆಂಗಸಿನ ಕೈ ಮುರಿದ, ಬೈಕಿನ ಸದ್ದಿಗೆ ಗೂಟ ಕೀಳುವ ಹೋರಿಯನ್ನು ಯಾರು ಮನೆಗೆ ಕಟ್ಟಿಕೊಳ್ಳುತ್ತಾರೆ?

ಆದರೂ ಹಬ್ಬ ಹಬ್ಬವೇ. ಅಷ್ಟರಲ್ಲಿ ಅದರ ಭಯ ಬಿಡಿಸಬೇಕು. ಭಯ ಬಿಟ್ಟರೆ ದಾರಿ ಬಿಡುವುದಿಲ್ಲ, ದಾರಿ ಬಿಡದಿದ್ದರೆ ಸೀದಾ ಓಡುತ್ತದೆ, ಸೀದಾ ಓಡಿದರೆ ಮನೆಯಲ್ಲಿ ಉಳಿಯುತ್ತದೆ. ವೀರೇಶನ ಲೆಕ್ಕ ಇಷ್ಟೇ. ಕೇಳಿದರೆ ಯಾರಿಗಾದರೂ ಸರಿ ಅನ್ನಿಸುವ ಲೆಕ್ಕವೇ, ಅದರಲ್ಲಿ ತಪ್ಪು ಹುಡುಕುವ ತಾಳ್ಮೆ ಯಾರಿಗಿತ್ತು?

ಓಮ್ನಿಯನ್ನು ದನದ ಕೊಟ್ಟಿಗೆಯ ಹತ್ತಿರ ತಂದು ನಿಲ್ಲಿಸಿದ. ಫೋನಿನಿಂದ ಒಂದು ಜಾನಪದದ ರೀಮಿಕ್ಸ್ ಹಚ್ಚಿದ. ಮೊದಲ ದಿನ ಚೆಲುವ ಗೂಟದ ಸುತ್ತ ಗಿರಗಿರ ತಿರುಗಿ, ಹಗ್ಗ ಕೊರಳಿಗೆ ಬಿಗಿದು, ಕಣ್ಣುಗುಡ್ಡೆ ಹೊರಗೆ ಬಂತು. ವೀರೇಶ ಓಡಿ ಹೋಗಿ ಕೊರಳು ತಬ್ಬಿಕೊಂಡು, ಬಾಯಿಗೊಂದು ಬೆಲ್ಲದ ಉಂಡೆ ಇಟ್ಟ. ಮರುದಿನವೂ ಹಾಡು, ಮರುದಿನವೂ ಬೆಲ್ಲ. ಹಾಡು ನಿಂತ ಮೇಲಲ್ಲ, ಹಾಡುತ್ತಿರುವಾಗಲೇ. ಕ್ರಮೇಣ ಚೆಲುವ ಕಿವಿ ನಿಮಿರಿಸಿಕೊಂಡು ನಿಂತಲ್ಲೇ ನಿಲ್ಲುವುದು ಕಲಿಯಿತು. ಗೆದ್ದೆ ಎಂದುಕೊಂಡ ವೀರೇಶ.

ಎಲ್ಲಿಯ ಗೆಲುವು! ಗಣಪತಿ ಬಿಡುವ ಮೆರವಣಿಗೆ ಊರ ಮುಂದೆ ಬಂದಾಗ ಡಿಜೆಯ ಮೊದಲ ಹೊಡೆತಕ್ಕೇ ಚೆಲುವ ಗೂಟ ಸಮೇತ ಕಿತ್ತುಕೊಂಡು, ಕೊಟ್ಟಿಗೆಯ ತಗಡು ಸೀಳಿ ಹೊರಬಿತ್ತು. ಓಮ್ನಿಯ ಸ್ಪೀಕರಿನದು ಬರೀ ಚರಚರ. ನೆಲದೊಳಗಿನಿಂದ ಬಂದು ಕಾಲು ಹಿಡಿದು ಅಲ್ಲಾಡಿಸುವ ಆ ಸದ್ದು ಅದರಲ್ಲಿ ಇಲ್ಲವೇ ಇಲ್ಲ. ಬೇಸಿನ ಗುಂಡಿಯನ್ನು ಕೊನೆತನಕ ತಿರುಗಿಸಿದ. ಸ್ಪೀಕರು ಹರಿದ ಪೇಪರಿನ ಹಾಗೆ ಬರ್‍ರೆಂದಿತು, ಅಷ್ಟೇ. ದೊಡ್ಡಬೀರಪ್ಪ ಸೀಳಿದ ತಗಡನ್ನು ನೋಡಿದ, ಮಗನ ಮುಖ ನೋಡಿದ, ಒಳಗೆ ಹೋದ. ಬೈದಿದ್ದರೇ ಚೆನ್ನಾಗಿತ್ತು.

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದೆ ಕಾರಿಗೆ ಸೌಂಡ್ ಕೂರಿಸುವ ರವಿಯ ಅಂಗಡಿ. ರವಿ ಮಾತಿನ ಮಲ್ಲ.

"ಬರ್‍ರಿ ಅಣ್ಣಾ, ಕುಂದ್ರಿ. ಯಾವ ಥರ ಹಾಡು ಜಾಸ್ತಿ ಕೇಳ್ತೀರಿ?"

"ನಾನಲ್ಲ ಕೇಳೋದು. ಹೋರಿ."

ರವಿ ಬಾಯಲ್ಲಿದ್ದ ಚಹಾ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದ. ವೀರೇಶ ನಗಲಿಲ್ಲ. ಅವನ ಮುಖ ನೋಡಿ ರವಿಯೂ ನಗು ನುಂಗಿಕೊಂಡ. ದೊಡ್ಡದೊಂದು ಸಬ್‌ವೂಫರು, ಅದನ್ನು ಕೂರಿಸಲು ಮರದ ಡಬ್ಬಿ, ಅದಕ್ಕೆ ಜೀವ ತುಂಬುವ ಆಂಪ್ಲಿಫೈಯರು. ಎಲ್ಲ ಜೋಡಿಸಿ, ಬಾಗಿಲು ಹಾಕಿ, ಹಾಡು ಹಚ್ಚಿದ. ವೀರೇಶನ ಬೆನ್ನುಹುರಿಯೊಳಗೆ ಧಂ ಎಂದಿತು. ಹಲ್ಲು ಕಟಕಟ ಅಂದವು. ಇದೇ, ಇದೇ ಬೇಕಾಗಿತ್ತು! ದಾರಿಯುದ್ದಕ್ಕೂ ಹಿಗ್ಗುತ್ತ ಊರಿಗೆ ಬಂದು, ಹಿಂಬಾಗಿಲು ಎತ್ತಿ, ಹಚ್ಚಿದ.

ಏನೂ ಇಲ್ಲ. ಎಲ್ಲೋ ದೂರದಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ ಪುಸ್, ಪುಸ್. ಚೆಲುವ ಬಾಲದಲ್ಲಿ ನೊಣ ಹೊಡೆದುಕೊಳ್ಳುತ್ತ ನಿಂತಿತ್ತು.

"ಲೇ ರವಿ, ಅಂಗಡ್ಯಾಗೆ ಎದಿ ನಡುಗ್ತಿತ್ತಲ್ಲೋ! ಇಲ್ಲಿ ಸೊಳ್ಳಿ ಗುಂಯ್ ಅಂದಂಗೆ ಐತಿ!" ಫೋನಿನಲ್ಲಿ ಅವನ ದನಿ ಅಳುವ ಮಟ್ಟಕ್ಕೆ ಬಂದಿತ್ತು.

"ಬಾಗ್ಲು ತೆಗ್ದಿಟ್ಟೀರೇನು?"

"ಮತ್ತೆ?"

"ಅಣ್ಣಾ, ಕಾರೊಳಗೆ ಕುಂತು ಕೇಳಾಕೆ ಮಾಡಿದ್ದು ಅದು. ಮುಚ್ಚಿದ ಜಾಗದಾಗೆ ಬೇಸು ಅಲ್ಲೇ ಸುತ್ತಿ ಸುತ್ತಿ ದಪ್ಪ ಆಗ್ತತಿ. ಬಯಲಿಗೆ ಬಿಟ್ರೆ ಹಾರಿ ಹೋಗ್ತತಿ."

"ಹಂಗಾರೆ ನಮ್ಮ ಹೋರಿನ ಕಾರೊಳಗೆ ಕುಂದ್ರಿಸ್ಲೇನು?"

ಅದಾಗುವ ಮಾತಲ್ಲವಲ್ಲ. ರವಿಯೇ ದಾರಿ ಹೇಳಿದ: ಹೋರಿಯನ್ನು ಎರಡು ಗೋಡೆ ಕೂಡುವ ಮೂಲೆಯಲ್ಲಿ ಕಟ್ಟಿ, ವ್ಯಾನಿನ ಹಿಂಭಾಗವನ್ನು ಆ ಮೂಲೆಗೇ ತಿರುಗಿಸಿ ನಿಲ್ಲಿಸಬೇಕು. ಮೂಲೆಗೆ ಬಿದ್ದ ಬೇಸು ಎಲ್ಲಿಗೂ ಹೋಗದೆ ಅಲ್ಲೇ ತುಂಬಿಕೊಳ್ಳುತ್ತದೆ. ವೀರೇಶ ಹಾಗೇ ಮಾಡಿದ. ಈಗ ಸದ್ದು ಬಂತು, ಆದರೆ ಸದ್ದು ಬಂದಾಗಲೆಲ್ಲ ವ್ಯಾನಿನ ದೀಪಗಳು ಕಣ್ಣು ಮಿಟುಕಿಸಿದವು, ದನಿ ಏರಿಸಿದರೆ ಆಂಪ್ಲಿಫೈಯರು ಕೆಂಪುದೀಪ ಹಚ್ಚಿಕೊಂಡು ಬಾಯಿ ಮುಚ್ಚಿಕೊಂಡಿತು. ವೀರೇಶ ಸ್ಟೇರಿಂಗಿಗೆ ಹಣೆ ಒತ್ತಿ ಕೂತ. ದಿನಗಳು ಕೈಯಿಂದ ಜಾರುತ್ತಿದ್ದವು. ಪಕ್ಕದ ಊರಿನವರ ಹೋರಿಗಳಿಗೆ ಆಗಲೇ ಜೂಲ ಹೊಲಿಸುತ್ತಿದ್ದರು.

ರವಿಯನ್ನು ಊರಿಗೇ ಕರೆತಂದ. ಬ್ಯಾಟರಿಯಿಂದ ಬರುವ ವೈರು ಸಣ್ಣದಾಯಿತು ಎಂದು ರವಿ ಹೆಬ್ಬೆರಳು ಗಾತ್ರದ ತಾಮ್ರದ್ದು ಎಳೆದ. ಅರ್ಥಿಂಗಿನ ತಿರುಪು ಪೇಂಟಿನ ಮೇಲೆ ಕೂತಿದೆ, ಕರೆಂಟು ಹೆಂಗೆ ಹರಿದೀತು ಎಂದು ಪೇಂಟು ಕೆರೆದು ಬರೀ ತಗಡಿಗೆ ಬಿಗಿದ. ಬಾಗಿಲಿನ ಒಂದು ಸ್ಪೀಕರಿಗೆ ಪ್ಲಸ್ಸು ಮೈನಸ್ಸು ತಿರುಗಾಮುರುಗಾ ಆಗಿತ್ತು. ಒಂದು ಮುಂದೆ ತಳ್ಳಿದರೆ ಇನ್ನೊಂದು ಹಿಂದಕ್ಕೆ ಎಳೆದು ಎರಡರ ದನಿಯೂ ಸಾಯುತ್ತಿತ್ತು. ಅದನ್ನೂ ಬದಲಿಸಿದ. ಅಷ್ಟಾದ ಮೇಲೆ ಹಚ್ಚಿದರೆ, ಅಬ್ಬಬ್ಬಾ, ಬೇಸಿಗಿಂತ ಹೆಚ್ಚಾಗಿ ಓಮ್ನಿಯ ತಗಡೇ ಗಡಗಡ ಬಡಿದುಕೊಳ್ಳತೊಡಗಿತು. ನಂಬರ್ ಪ್ಲೇಟು ಕಳಚಿ ಬಿತ್ತು.

"ಬಾಗ್ಲ ಒಳಗೆ, ಡಬ್ಬಿ ಒಳಗೆ ಮೆತ್ತಂದು ಏನಾರ ತುಂಬ್ಬೇಕು ಅಣ್ಣಾ" ಎಂದ ರವಿ.

ಕುರಿಯ ಮನೆಯಲ್ಲಿ ಮೆತ್ತನೆಯದಕ್ಕೆ ಬರವೇ? ನಿಂಗಮ್ಮ ಅಟ್ಟದಿಂದ ಹಳೆಯ ಕಂಬಳಿ, ನೂಲದೆ ಉಳಿದ ಉಣ್ಣೆ ಸೊಸೆಯಿಂದ ಇಳಿಸಿಕೊಂಡಳು. ಎಡಗೈಯಲ್ಲಿ ಹಿಡಿದು, ಸೊಟ್ಟ ಬಲಗೈಯ ಎರಡು ಬೆರಳಲ್ಲಿ ಹಿಂಜಿ ಹಿಂಜಿ ಮಗನ ಕೈಗೆ ಕೊಟ್ಟಳು. "ಚೆಲುವಂಗೆ ಅಂದ್ರೆ ತಗಾ. ಅದೇನು ಬೇಕಂತ ನನ್ನ ಕೈ ಮುರೀತೇನು? ಹೆದರಿ ಓಡ್ತು, ಪಾಪ." ವೀರೇಶ ತಲೆ ಎತ್ತಿ ಆಕೆಯ ಮುಖ ನೋಡಲಾರದೆ ಉಣ್ಣೆಯನ್ನು ಡಬ್ಬಿಗೆ ತುರುಕುತ್ತ ಕೂತ.

ಆಮೇಲೆ ಬಂದದ್ದು ನೋಡಿ ಬೇಸು! ಕೊಟ್ಟಿಗೆಯ ಮೂಲೆಯ ಮಣ್ಣು ಉದುರಿತು. ಪಕ್ಕದ ಮನೆಯ ಬಂಗಾರಮ್ಮ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟಳು. "ಏನೋ ವೀರೇಶಿ, ನಿನ್ನ ಹಾಡಿಗೆ ಬೆಂಕಿ ಬೀಳ! ನಮ್ಮೆಮ್ಮಿ ಹಾಲೇ ಇಳಸವಲ್ದು!" ವೀರೇಶ ಕೈ ಮುಗಿದ. ಹಬ್ಬದ ತನಕ ಅಕ್ಕಾ, ಹಬ್ಬದ ತನಕ. ಅವನು ಕೈ ಮುಗಿದ ರೀತಿಯಲ್ಲಿ ಏನು ಕಂಡಳೋ, ಬೈಯುತ್ತಲೇ ವಾಪಸು ಹೋದಳು.

ಬೇಸು ಧಂ ಧಂ ಎಂದಾಗಲೆಲ್ಲ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿ ಕುಣಿಯುತ್ತಿತ್ತು. ದೊಡ್ಡಬೀರಪ್ಪ ರೊಟ್ಟಿ ಬಡಿಯುತ್ತಿದ್ದ. ವೀರೇಶ ಬಾಗಿಲಲ್ಲಿ ನಿಂತು, "ಯಪ್ಪಾ, ಸದ್ದು ಜಾಸ್ತಿ ಆತೇನು? ಕಮ್ಮಿ ಮಾಡ್ಲಾ?" ಎಂದ.

"ನಿಂಗೆ ಹೋರಿ ಚಿಂತಿ. ನಂಗೆ ಆ ಕೈ ಚಿಂತಿ" ಎಂದ ಅಪ್ಪ, ರೊಟ್ಟಿಯಿಂದ ಕಣ್ಣೆತ್ತದೆ. "ಹಚ್ಕ್ಯ ಹೋಗು."

ಚೆಲುವ ಮೊದಲ ದಿನಗಳಲ್ಲಿ ಬೆವರಿತು, ಉಚ್ಚೆ ಹೊಯ್ದುಕೊಂಡಿತು, ಗೋಡೆಗೆ ಕೊಂಬು ತಿವಿಯಿತು. ಆದರೂ ವೀರೇಶ ಗುಂಡಿ ತಿರುಗಿಸಿದ, ಬೆಲ್ಲ ಇಟ್ಟ. ಇನ್ನಷ್ಟು ತಿರುಗಿಸಿದ, ಇನ್ನಷ್ಟು ಬೆಲ್ಲ ಇಟ್ಟ. ಅವನ ಕಿವಿಗಳೇ ಗುಂಯ್‌ಗುಡತೊಡಗಿದವು, ನಾಗಶ್ರೀ ಹತ್ತಿರ ನಿಂತು ಕರೆದರೂ ಕೇಳಿಸದಾಯಿತು. ನೋಡನೋಡುತ್ತ ಚೆಲುವ ಬದಲಾಯಿತು. ಮೊದಲ ಧಂ ಕೇಳುತ್ತಲೇ ಈಗ ಅದು ಓಮ್ನಿಯ ಕಡೆಗೇ ಬರುತ್ತಿತ್ತು. ಡಬ್ಬಿಯ ಹತ್ತಿರ ಮೂತಿ ತಂದು, ನಾಲಿಗೆ ಚಾಚಿ ಬಂಪರು ನೆಕ್ಕುತ್ತ, ಕಣ್ಣು ಅರೆಮುಚ್ಚಿ ನಿಲ್ಲುತ್ತಿತ್ತು.

ವೀರೇಶ ಕೊರಳು ತಬ್ಬಿಕೊಂಡು ಅತ್ತುಬಿಟ್ಟ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡ.

ನಾಗಶ್ರೀ ಮಾತ್ರ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೋರಿಯನ್ನೇ ನೋಡುತ್ತಿದ್ದಳು. "ರೀ, ಇದು ಹಬ್ಬದಾಗೆ ಓಡ್ತತೇನ್ರೀ?"

"ಹೆದರಿಕಿ ಹೋತಲ್ಲ, ಇನ್ನೇನು? ಸೀದಾ ಓಡ್ತತಿ."

"ಅಲ್ಲ, ಹೆದರಿಕಿ ಹೋದ್ಮೇಲೆ ಯಾತಕ್ಕೆ ಓಡ್ಬೇಕು ಅದು?"

"ನಿಂಗೇನು ಗೊತ್ತಾಗ್ತತಿ, ಬಾಯಿ ಮುಚ್ಕಂಡು ಹೋಗೇ ಒಳಗೆ!"

ಅಷ್ಟು ಒರಟಾಗಿ ಅವನು ಅವಳಿಗೆ ಯಾವತ್ತೂ ಅಂದವನಲ್ಲ. ಅವಳ ಮಾತು ಒಳಗೆಲ್ಲೋ ಚುಚ್ಚಿತ್ತು, ಅದಕ್ಕೇ ಅಂದ. ಹೋರಿ ಓಡುವುದು ಖುಷಿಗಲ್ಲ, ಜನರ ಕೂಗಿಗೆ ಬೆದರಿ. ಹಬ್ಬದ ಹೆಸರೇ ಹೋರಿ ಬೆದರಿಸುವ ಹಬ್ಬ! ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ ಅದು. ಆದರೆ ಮುಳುಗುತ್ತಿರುವವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ ಮೇಲೆ ಅದನ್ನು ಬಿಡುತ್ತಾನೆಯೇ? ವೀರೇಶ ಬಿಡಲಿಲ್ಲ.

ಹಬ್ಬ ಸೊರಬ ತಾಲ್ಲೂಕಿನ ಗಡಿಯೊಳಗಿನ ಒಂದು ಊರಿನಲ್ಲಿ. ವೀರೇಶ ಬೆಳಿಗ್ಗೆಯೇ ಚೆಲುವನನ್ನು ನಡೆಸಿಕೊಂಡು ಹೊರಟ. ದಾರಿಯಲ್ಲಿ ಬಸ್ಸು ಬಂತು, ಲಾರಿ ಬಂತು, ಹಾರ್ನು ಹೊಡೆದವು. ಚೆಲುವ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಹಿಂದಿನಿಂದ ಓಮ್ನಿಯಲ್ಲಿ ರವಿ, ಅಪ್ಪ, ಅವ್ವ, ನಾಗಶ್ರೀ. ತನ್ನ ಬೇಸಿನ ಫಲ ನೋಡಲೇಬೇಕು ಎಂದು ರವಿ ಅಂಗಡಿ ಮುಚ್ಚಿಕೊಂಡು ಬಂದಿದ್ದ.

ಹಬ್ಬದ ಬಯಲಿನಲ್ಲಿ ಡಿಜೆಗಳ ಸಾಲು. ನೆಲ ನಡುಗುತ್ತಿತ್ತು. ಒಂದರ ಹಿಂದೆ ಒಂದು ಹೋರಿ ಬಿಟ್ಟರು. ಬಾಣದ ಹಾಗೆ ಹೋದವು ಕೆಲವು. ಕೆಲವಕ್ಕೆ ಹುಡುಗರು ಜೋತುಬಿದ್ದು ಕೊಬ್ಬರಿ ಕಿತ್ತರು. ಮೈಕಿನವನು ಕೂಗಿದ: "ಈಗ ಬರ್ತಾ ಇದೆ ನೋಡಿ, ಕಣ್ಣು ಮಿಟುಕಿಸ್ಬೇಡಿ, ತೊಗರ್ಸಿ ತೂಫಾನ್!"

ವೀರೇಶ ಹಗ್ಗ ಬಿಚ್ಚಿ, ಬೆನ್ನು ತಟ್ಟಿದ. "ಓಡಪ್ಪ. ಓಡು ನನ್ನ ರಾಜ."

ಜನ ಹೋ ಎಂದರು. ಸಿಳ್ಳೆ ಹೊಡೆದರು. ಪಟಾಕಿ ಸಿಡಿದವು. ಚೆಲುವ ಹೊರಟಿತು. ನಡೆದುಕೊಂಡು. ಮದುವೆಗೆ ಬಂದ ಹಿರಿಯರ ಹಾಗೆ ಅತ್ತ ಇತ್ತ ನೋಡುತ್ತ, ಕೊರಳಿನ ಕೊಬ್ಬರಿ ತೂಗಾಡಿಸುತ್ತ, ನಿಧಾನಕ್ಕೆ. ನೂಕಿದರೂ ಓಡಲಿಲ್ಲ, ಬಾಲ ತಿರುಚಿದರೂ ಓಡಲಿಲ್ಲ. ಎಲ್ಲಕ್ಕಿಂತ ಜೋರಾಗಿ ಧಂಗುಡುತ್ತಿದ್ದ ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತು, ಸ್ಪೀಕರಿಗೆ ಮೂತಿ ತಾಗಿಸಿ, ನಾಲಿಗೆ ಚಾಚಿತು. ಬೆಲ್ಲ ಹುಡುಕುತ್ತಿತ್ತು.

ಆಮೇಲೆ ಎದ್ದ ನಗುವಿದೆಯಲ್ಲ, ಡಿಜೆಯನ್ನೂ ಮೀರಿಸಿತು. "ಎಂತದು ಮಾರಾಯ್ರೆ, ಇದು ಹೋರಿಯೋ ಕೋಲೆಬಸವನೋ!" ಎಂದ ಒಬ್ಬ. ಹುಡುಗರು ಅವಸರವಿಲ್ಲದೆ ಬಂದು, ಅಂಗಡಿಯಲ್ಲಿ ಬಾಳೆಹಣ್ಣು ಕೀಳುವ ಹಾಗೆ ಒಂದೊಂದೇ ಕೊಬ್ಬರಿ ಕಿತ್ತುಕೊಂಡರು. ಒಬ್ಬ ಅದರ ಕೊರಳಿಗೆ ಕೈ ಹಾಕಿ ಫೋಟೋ ಹೊಡೆಸಿಕೊಂಡ. ತೂಫಾನ್ ಅಂಗಿ ತೊಟ್ಟವರು ಸದ್ದಿಲ್ಲದೆ ಅಂಗಿ ತಿರುವಿ ಹಾಕಿಕೊಂಡರು. ವೀರೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೋಗಿ ಹಗ್ಗ ಹಾಕಿದ. ಚೆಲುವ ಅವನ ಜೇಬಿಗೆ ಮೂತಿ ತೂರಿಸಿತು.

ಓಮ್ನಿಯ ಹತ್ತಿರ ಬರುವಷ್ಟರಲ್ಲಿ ಹಿಂದೆಯೇ ಒಬ್ಬ ಹಿರಿಯರು ಬಂದರು. ಚಂದ್ರಗುತ್ತಿ ಕಡೆಯ ರೈತರಂತೆ, ಹೆಸರು ಉಚ್ಚಂಗಪ್ಪ. ಚೆಲುವನ ಹಣೆ ಸವರಿ, ಹಲ್ಲು ನೋಡಿ, ದೊಡ್ಡಬೀರಪ್ಪನ ಕಡೆ ತಿರುಗಿದರು.

"ನಗೋರು ನಗ್ಲಿ ಬಿಡಿ. ಇಷ್ಟು ಗಲಾಟೇಲಿ ಹೀಂಗೆ ನಿಂತ ಹೋರಿನ ನಾನು ಕಂಡೇ ಇಲ್ಲ. ನಮ್ಮನೇಲಿ ಇಂಥದ್ದೇ ಒಂದಿದೆ, ಅದಕ್ಕೆ ಜೋಡಿ ಹುಡುಕ್ತಾ ಇದ್ದೆ. ದೇವಸ್ಥಾನದ ರಸ್ತೆ ನಮ್ದು, ಗಾಡಿಗಳ ಕಾಟ. ಹೆದರೋ ದನ ನಡೆಯೂದಿಲ್ಲ. ಕೊಡ್ತೀರಾ? ಮಗನ ಹಾಂಗೆ ನೋಡ್ಕಳ್ತೆ."

ಇಷ್ಟು ದಿನ ಯಾರೂ ಕೇಳದ ಹೋರಿಯನ್ನು ಈಗ ಒಬ್ಬರು ಕೇಳುತ್ತಿದ್ದರು. ಕೇಳುವ ಹಾಗೆ ಮಾಡಿದವನು ವೀರೇಶನೇ.

"ಯಪ್ಪಾ, ಬ್ಯಾಡ" ಎಂದ. "ಓಡ್ಲಿಲ್ಲ, ಒಪ್ತೀನಿ. ಆದ್ರೆ ನೀನೇ ನೋಡ್ದೆಲ್ಲ, ಅದಕ್ಕೆ ಈಗ ಹೆದರಿಕಿನೇ ಇಲ್ಲ. ಅವ್ವನ ಕೈ ಮುರಿದ ಹೋರಿ ಅಲ್ಲ ಇದು ಈಗ. ನಿನ್ನ ಕಾಲಿಗೆ ಬೀಳ್ತೀನಿ."

ನಿಂಗಮ್ಮನೂ ವ್ಯಾನಿನಿಂದ ಇಳಿದು ಬಂದಳು. "ಇರ್ಲಿ ಬಿಡ್ರೀ. ನಂಗೇನೂ ಭಯ ಇಲ್ಲ."

"ನಿಂಗಿಲ್ಲ, ನಂಗೈತಿ" ಎಂದ ದೊಡ್ಡಬೀರಪ್ಪ. ಮಗನ ಕಡೆ ನೋಡಿ ಹೇಳಿದ: "ಅದಕ್ಕೆ ಹೆದರಿಕಿ ಹೋಗೈತಿ ಅಂತಿ. ಹೋಗಿರ್‍ಬೋದು. ನಿಮ್ಮವ್ವ ಅದಕ್ಕೆ ಮೇವು ಹಾಕಾಕೆ ಹಿತ್ಲಿಗೆ ಹೊಂಟ್ಲು ಅಂದ್ರೆ ಇವತ್ತಿಗೂ ನನ್ನ ಎದಿ ನಿಲ್ತತಿ. ಬರೋ ತನಕ ಉಸಿರು ಬಿಡಾಂಗಿಲ್ಲ ನಾನು. ಅದಕ್ಕೇನು ಮಾಡ್ತಿ? ಅದಕ್ಕೂ ಒಂದು ಡಬ್ಬಿ ಕೂರಿಸ್ತಾನೇನು ನಿಮ್ಮ ರವಿ?"

ರವಿ ನೆಲ ನೋಡಿದ. ಇಷ್ಟು ತಿಂಗಳು ಒಂದೇ ಸೂರಿನಡಿ ಇದ್ದು, ಹೋರಿಯ ಕಣ್ಣಿನೊಳಗಿನ ಭಯವನ್ನು ದಿನಾ ಅಳೆದ ವೀರೇಶ ಅಪ್ಪನ ಭಯವನ್ನು ಒಂದು ದಿನವೂ ನೋಡಿರಲಿಲ್ಲ. ಸಿಟ್ಟು ಎಂದುಕೊಂಡಿ​ದ್ದ. ಹಟ ಎಂದುಕೊಂಡಿದ್ದ. ಎಲ್ಲಿ ತಪ್ಪಿತು ಎಂದು ಈಗ ಗೊತ್ತಾಗಿ ಏನು ಬಂತು ಭಾಗ್ಯ?

ಆಡಿದ ಮಾತಿನಂತೆ ದೊಡ್ಡಬೀರಪ್ಪ ರೊಕ್ಕ ಎಷ್ಟು ಎಂದೂ ಕೇಳದೆ ಹೋರಿ ಕೊಡಲು ಒಪ್ಪಿದ. ಉಚ್ಚಂಗಪ್ಪನವರ ಪಿಕಪ್ಪು ಬಂತು. ಹಿಂದಿನ ಹಲಗೆ ಧಡಾರೆಂದು ಬಿಚ್ಚಿಕೊಂಡಿತು, ಇಂಜಿನ್ನು ಚಾಲೂ ಇತ್ತು. ಹೋರಿಯನ್ನು ಗಾಡಿ ಹತ್ತಿಸುವುದೆಂದರೆ ಎಳೆಯಲು ಇಬ್ಬರು, ನೂಕಲು ಇಬ್ಬರು ಬೇಕು. ಆದರೂ ಎಷ್ಟೋ ಸಲ ಗಾಡಿಗಳು ಬರಿದೇ ವಾಪಸು ಹೋಗುತ್ತವೆ. ವೀರೇಶನಿಗೆ ಉಳಿದಿದ್ದ ಆಸೆ ಅದೊಂದೇ. ಹತ್ತಬೇಡ, ಒದೆ, ಕೊಸರಿಕೋ, ಹಗ್ಗ ಕಿತ್ತುಕೊಂಡು ಬೇಲಿ ಹಾರಿ ಓಡು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಹಗ್ಗ ಹಿಡಿಯಲು ಬಂದ ಆಳುಗಳನ್ನು ಬೇಡವೆಂದು, ತಾನೇ ಹಿಡಿದು ಹಲಗೆಯ ಮೇಲೆ ಕಾಲಿಟ್ಟ.

ಚೆಲುವ ಒಮ್ಮೆ ಮೂಸಿತು. ಆಮೇಲೆ ಹೊಲಕ್ಕೆ ಹೋದಷ್ಟೇ ಸಲೀಸಾಗಿ ಅವನ ಹಿಂದೆಯೇ ಮೇಲೆ ಹತ್ತಿತು. ಹಗ್ಗ ಒಂದು ಸಲವೂ ಬಿಗಿಯಲಿಲ್ಲ.